ಪಾಳಿ ನಮ್ಮದಿದ್ದ ಸೋಮವಾರ

ಮಗ ಮಿಲ್ಟ್ರಿಗೆ ಹೊರಟು ನಿಂತಾಗ ತಂದೆಯಾದವನ ಮನಸ್ಸಿನಲ್ಲಿ ಏನಿರುತ್ತದೆ ಎಂದು ನನ್ನನ್ನು ಎಷ್ಟೋ ಜನ ಕೇಳಿದ್ದಾರೆ. ದೇಶ, ಗಡಿ, ಹಿಮ, ಚೀನಾ ಎಂದೆಲ್ಲ ನಾನು ಹೇಳಲಿ ಎಂಬುದು ಅವರ ಆಸೆ. ನನ್ನ ಮನಸ್ಸಿನಲ್ಲಿದ್ದದ್ದು ಹಲಗೆ. ಚರ್ಮ ಬಿಗಿದು ಕೋಲಿನಿಂದ ಬಾರಿಸುವ ಹಲಗೆ. ಇದನ್ನು ಕೇಳಿ ಒಂದಿಬ್ಬರು ಮುಖ ಸಣ್ಣದು ಮಾಡಿಕೊಂಡದ್ದೂ ಉಂಟು. ಮಾಡಿಕೊಳ್ಳಲಿ. ಮಗ ನನ್ನವನು, ನೆನಪು ನನ್ನದು, ಇದ್ದದ್ದನ್ನು ಇದ್ದ ಹಾಗೆ ಹೇಳುವುದಕ್ಕೆ ನನಗೆ ಯಾರ ಅಪ್ಪಣೆಯೂ ಬೇಕಿಲ್ಲ.

ನಮ್ಮೂರು ಅಂಕಲಗಿಯ ಹತ್ತಿರ, ಗೋಕಾಕದಿಂದ ಬೆಳಗಾವಿಗೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗೆ. ಊರವರು ಹೊಲಗೇರಿ ಎನ್ನುತ್ತಿದ್ದ, ನಾವು ನಮ್ಮ ಓಣಿ ಎನ್ನುತ್ತಿದ್ದ ಕಡೆ ನಮ್ಮ ಮನೆ. ನಾನು ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸು ಮಾಡಿ ಮಾಸ್ತರಿಕೆ ಹಿಡಿದವನು. ಆಗ ಮೂಡಲಗಿಯ ಶಾಲೆಯಲ್ಲಿದ್ದೆ. ವಾರವೆಲ್ಲ ಅಲ್ಲಿ, ಶನಿವಾರ ಶಾಲೆ ಬಿಟ್ಟ ಮೇಲೆ ಊರಿಗೆ. ಮೂಡಲಗಿಯಲ್ಲಿ ದೊಡ್ಡ ಮನೆತನದ ಮಕ್ಕಳೂ ಎದ್ದು ನಿಂತು “ನಮಸ್ಕಾರ್ರಿ ಮಾಸ್ತರ್ರ” ಎನ್ನುತ್ತಿದ್ದರು. ಬಸ್ಸಿಳಿದು ನಮ್ಮೂರಿನ ದಾರಿ ಹಿಡಿದೆನೋ, ನನಗಿಂತ ಚಿಕ್ಕವರು ಕೂಡ “ಏ ಮಾಸ್ತರ, ಯಾವಾಗ ಬಂದಿ?” ಎಂದು ಕೇಳುತ್ತಿದ್ದರು. ಎರಡಕ್ಕೂ ಉತ್ತರ ಕೊಡುವವನು ನಾನೊಬ್ಬನೇ.

ಹಲಗೆಯ ಪಾಳಿ ಏನೆಂದು ತಿಳಿಯದವರಿಗೆ ಹೇಳಿಬಿಡುತ್ತೇನೆ. ಊರಲ್ಲಿ ಮದುವೆಯಾಗಲಿ, ಸಾವಾಗಲಿ, ದೇವರ ಪಲ್ಲಕ್ಕಿ ಏಳಲಿ, ಸಾಹೇಬರು ಬರಲಿ, ಮುಂದೆ ಹಲಗೆ ಬಾರಿಸುತ್ತ ನಡೆಯುವುದು ನಮ್ಮ ಓಣಿಯವರ ಕೆಲಸ. ವಾರಕ್ಕೊಂದು ಮನೆಯ ಪಾಳಿ. ಪಾಳಿಯ ಜೊತೆ ಹಲಗೆಯೂ ಮನೆಯಿಂದ ಮನೆಗೆ ಹೋಗುತ್ತಿತ್ತು. ಅದಕ್ಕೆ ಬದಲಾಗಿ ಸುಗ್ಗಿಯಲ್ಲಿ ಪ್ರತಿ ಕಣದಿಂದ ಓಣಿಗೆ ಕಾಳು ಬರುತ್ತಿತ್ತು. ಓಣಿಯ ಕೆಲವು ಮನೆಗಳವರು, ನಾವೂ ಸೇರಿ, ಬುದ್ಧನ ದೀಕ್ಷೆ ತೆಗೆದುಕೊಂಡಿದ್ದೆವು. ಸತ್ತ ದನ ಎಳೆಯುವುದನ್ನು ಬಿಟ್ಟಿದ್ದೆವು. ಸಾವಿನ ಸುದ್ದಿ ಹೊತ್ತು ಊರೂರು ಓಡುವುದನ್ನು ಬಿಟ್ಟಿದ್ದೆವು. ಹಲಗೆ ಮಾತ್ರ ಹಾಗೇ ಉಳಿದುಕೊಂಡಿತ್ತು. ಕಾಳಿನ ಆಸೆಗೆ ಉಳಿಯಿತು ಎಂದರೆ ಅರ್ಧ ಮಾತು. ನಮ್ಮ ಹುಡುಗರಿಗೆ ಅದರ ಮೇಲೆ ಪ್ರೀತಿಯೂ ಇತ್ತು.

ನನ್ನ ಮಗನಿಗಂತೂ ಹುಚ್ಚು. ಗೋಕಾಕ ಫಾಲ್ಸಿನ ನೂಲಿನ ಗಿರಣಿಯಲ್ಲಿ ಯಾರಾದರೂ ಬರದ ದಿನ ಅವರ ಬದಲಿಗೆ ಕೆಲಸ ಮಾಡುತ್ತಿದ್ದ. ಕೆಲಸವಿಲ್ಲದ ದಿನ ಊರಲ್ಲಿರುತ್ತಿದ್ದ. ನನ್ನ ಅಣ್ಣನಿಗೆ ದಮ್ಮು ಹತ್ತಿದ ಮೇಲೆ ಮನೆಯ ಪಾಳಿಯನ್ನು ಇವನೇ ಮಾಡುತ್ತಿದ್ದ. ಅವನು ಬಾರಿಸಲು ನಿಂತರೆ ಮುದುಕರು ಕೂಡ ಕಟ್ಟೆಯಿಂದ ಇಳಿದು ಬರುತ್ತಿದ್ದರು. ನನಗೆ ಹೆಮ್ಮೆಯಾಗುತ್ತಿತ್ತು, ಮರುಕ್ಷಣವೇ ಸಂಕಟವಾಗುತ್ತಿತ್ತು. ಅವನು ಕುಣಿಯುತ್ತ ಬಾರಿಸುತ್ತ ಯಾರ ಮುಂದೆ ನಡೆಯುತ್ತಿದ್ದಾನೆ ಎಂಬುದು ನನಗೆ ಕಾಣುತ್ತಿತ್ತು. ಅವನಿಗೆ ಕಾಣುತ್ತಿರಲಿಲ್ಲ.

ಚೀನಾದ ಯುದ್ಧ ನಿಂತ ಮರುವರ್ಷ ಬೆಳಗಾವಿಯಲ್ಲಿ ಮಿಲ್ಟ್ರಿ ಭರ್ತಿ ನಡೆಯಿತು. ನಮ್ಮೂರಿನಿಂದ ಅನೇಕರು ಹೋದರು, ಆಯ್ಕೆಯಾದವರು ಇಬ್ಬರು. ಒಬ್ಬ ನನ್ನ ಮಗ. ಇನ್ನೊಬ್ಬ ಊರಗೌಡರ ನಡುವಿನ ಮಗ. ನಾನೂ ಜೊತೆಗೆ ಹೋಗಿದ್ದೆ. ಮೈದಾನದಲ್ಲಿ ಹುಡುಗರನ್ನು ಚಡ್ಡಿಯ ಮೇಲೆ ಸಾಲಾಗಿ ನಿಲ್ಲಿಸಿ ಎದೆ ಅಳೆಯುತ್ತಿದ್ದರು. ಅಲ್ಲಿ ಜಾತಿ ಕೇಳಲಿಲ್ಲ ಎಂದು ನಾನು ಸುಳ್ಳು ಹೇಳುವುದಿಲ್ಲ. ಕೇಳಿದರು, ಬರೆದುಕೊಂಡರು. ಆದರೆ ಅಳೆಯುವ ಟೇಪು ಒಂದೇ ಇತ್ತು. ಗೌಡರ ಮಗನ ಎದೆಯ ಮೇಲಿಂದ ತೆಗೆದ ಟೇಪನ್ನು ನನ್ನ ಮಗನ ಎದೆಗೆ ಸುತ್ತಿದರು, ನಡುವೆ ಅದನ್ನು ಯಾರೂ ತೊಳೆಯಲಿಲ್ಲ. ಇಷ್ಟು ನೋಡಿದ್ದರಿಂದಲೇ ನಾನು ಬೆಳಗಾವಿಯವರೆಗೆ ಹೋದದ್ದು ಸಾರ್ಥಕವಾಯಿತು ಎನಿಸಿತು. ಬರುವಾಗ ಹುಡುಗರಿಬ್ಬರೂ ಬಸ್ಸಿನ ಒಂದೇ ಸೀಟಿನಲ್ಲಿ ಕುಳಿತು ಒಂದೇ ಪೊಟ್ಟಣದಿಂದ ಶೇಂಗಾ ತಿಂದರು. ಊರಿನ ದಾರಿಗೆ ಇಳಿದದ್ದೇ ತಡ, ಒಬ್ಬ ಮುಂದಾದ, ಒಬ್ಬ ಹಿಂದಾದ. ಯಾರೂ ಹೇಳಿಕೊಡಲಿಲ್ಲ, ಕಾಲಿಗೇ ರೂಢಿಯಾಗಿತ್ತು.

ಹೊರಡುವ ದಿನ ಸೋಮವಾರ ಎಂದು ಗೊತ್ತಾಯಿತು. ಆ ವಾರದ ಪಾಳಿ ನಮ್ಮ ಮನೆಯದು.

ಶನಿವಾರ ನಾನು ಊರಿಗೆ ಬಂದು ಕೈಕಾಲು ತೊಳೆಯುವಷ್ಟರಲ್ಲಿ ಗೌಡರ ಆಳು ಬಂದು ಕರೆದ. ಹೋದೆ. ಗೌಡರು ವಾಡೆಯ ಕಟ್ಟೆಯ ಮೇಲೆ ಕುಳಿತಿದ್ದರು, ನಾನು ಕೆಳಗೆ ಅಂಗಳದಲ್ಲಿ ನಿಂತೆ. ಒಂದು ಮಾತು ಹೇಳಿಬಿಡಬೇಕು: ನಮ್ಮ ಗೌಡರು ಕೆಟ್ಟ ಮನುಷ್ಯರಲ್ಲ. ತೊಂದರೆ ಅಲ್ಲೇ ಇದ್ದದ್ದು. ಕೆಟ್ಟವರಾಗಿದ್ದರೆ ನನ್ನ ಕೆಲಸ ಹಗುರಾಗುತ್ತಿತ್ತು.

“ಮಾಸ್ತರ, ಸೋಮವಾರ ಮುಂಜಾನೆ ನಮ್ಮ ಹುಡುಗನ್ನ ಗಾಡಿ ಮ್ಯಾಲ ಕುಂದ್ರಿಸಿ ರಸ್ತಾದ ಮಟ ಮೆರೆಸಿಕೋತ ಹೋಗೂದೈತಿ” ಎಂದರು. “ಹಲಗಿ ಬೇಕು. ಪಾಳಿ ನಿಮ್ಮದ ಐತಿ ಅಂದ್ರು.”

“ಸೋಮವಾರ ನನ್ನ ಮಗಾನೂ ಹೊಂಟಾನ್ರಿ” ಎಂದೆ.

“ಗೊತ್ತೈತಿ, ಅದಕ್ಕ ಅಂತೇನಿ.” ಗೌಡರ ಮುಖ ಅರಳಿತು. ತಾನು ಬಹಳ ಯೋಚಿಸಿ ಇದನ್ನು ಕಂಡುಹಿಡಿದಿದ್ದೇನೆ ಎಂಬ ಸಂತೋಷ ಅದರಲ್ಲಿತ್ತು. “ಅಂವಾ ಹಲಗಿ ಬಾರಿಸಿಕೋತ ಗಾಡಿ ಮುಂದ ನಡೀಲಿ. ಇಬ್ರೂ ಕೂಡೇ ಹೋದಂಗಾತು. ನಿನ್ನ ಮಗಗೂ ಒಂದ್ ಮೆರವಣಿಗಿ ಆತು.”

ಗೌಡರು ನನ್ನನ್ನು ಅಣಕಿಸುತ್ತಿದ್ದರೆ ಸಹಿಸಬಹುದಿತ್ತು. ಅವರು ಖರೆಯಾಗಿಯೂ ನನಗೆ ಉಪಕಾರ ಮಾಡುತ್ತಿದ್ದರು. ನನ್ನ ಮಗನೂ ಅದೇ ಮೈದಾನದಲ್ಲಿ ಅದೇ ಸಾಲಿನಲ್ಲಿ ನಿಂತು ಆಯ್ಕೆಯಾದ ಸಿಪಾಯಿ ಎಂಬುದು ಅವರಿಗೆ ತಿಳಿದಿತ್ತು, ಆದರೂ ಆ ಸಿಪಾಯಿ ನಡೆಯಬೇಕಾದ ಜಾಗ ಗಾಡಿಯ ಮುಂದೆ, ಹಲಗೆಯ ಹಿಂದೆ ಎಂಬುದರಲ್ಲಿ ಅವರಿಗೆ ಎಳ್ಳಷ್ಟೂ ಅನುಮಾನ ಇರಲಿಲ್ಲ.

“ಆಗಂಗಿಲ್ರಿ ಗೌಡ್ರ” ಎಂದೆ.

“ಏನಾಗಂಗಿಲ್ಲ?”

“ಅಂವ ಬಾರಿಸಂಗಿಲ್ರಿ. ನಾವ್ಯಾರೂ ಬಾರಿಸಂಗಿಲ್ಲ.”

ಗೌಡರಿಗೆ ಸಿಟ್ಟು ಬರುವುದಕ್ಕಿಂತ ಹೆಚ್ಚಾಗಿ ನನ್ನ ಮಾತು ಅರ್ಥವೇ ಆಗಿರಲಿಲ್ಲ. “ಸಾಲಿ ಕಲತ ತಲಿ ತಿರಗೇತಿ ನಿನಗ. ಓಣ್ಯಾಗ ಹಿರೇರನ್ನ ಕೇಳಿ ಬಾ. ಕಣದಾಗ ಕಾಳು ಬ್ಯಾಡಾಗಿದ್ರ ಹಂಗ ಹೇಳಲಿ” ಎಂದು ಒಳಗೆ ಎದ್ದು ಹೋದರು.

ನಾನು ಹಿರಿಯರನ್ನು ಕೇಳಲು ಹೋಗಬೇಕಾಗಲಿಲ್ಲ, ಅವರೇ ನಮ್ಮ ಮನೆಗೆ ಬಂದು ಕುಳಿತಿದ್ದರು. ಸುದ್ದಿ ನನಗಿಂತ ಮೊದಲೇ ಓಣಿ ಮುಟ್ಟಿತ್ತು. ಎಲ್ಲರ ಪರವಾಗಿ ಮಾತಾಡಿದವನು ನನ್ನ ಅಣ್ಣನೇ. ಉಸಿರು ಹಿಡಿದು ಹಿಡಿದು ಮಾತಾಡುತ್ತಿದ್ದ. “ನಿನಗ ಸರಕಾರದ ಪಗಾರ ಐತಿ. ನಾವು ಕಣದ ಕಾಳ ತಿನ್ನವರು. ಒಂದ್ ತಾಸಿನ ಮಾತು. ಬಾರಿಸಿ ಹೋಗ್ಲಿ ಬಿಡೋ.”

“ಒಂದ್ ತಾಸಿನ ಮಾತಾಗಿದ್ರ ಗೌಡ್ರ ಬಾರಿಸಲಿ” ಎಂದೆ.

ಯಾರೂ ನಗಲಿಲ್ಲ. ಅಣ್ಣ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಆ ಸುಗ್ಗಿಯಲ್ಲಿ ಓಣಿಗೆ ಕಣದ ಕಾಳು ನಿಂತೇ ನಿಂತಿತು. ನನ್ನ ಪಗಾರವನ್ನು ಅಣ್ಣನ ಮನೆಯೊಂದಿಗೆ ಹಂಚಿಕೊಂಡೆವು, ಉಳಿದವರು ಕೊಣ್ಣೂರ ಕಡೆಗೆ ಕಬ್ಬು ಕಡಿಯಲು ಹೋದರು. ಕೆಲವರು ನನ್ನನ್ನು ಬೈದರು. ಬೈಸಿಕೊಂಡೆ. ಆದರೆ ಇವತ್ತು ಕೇಳಿದರೂ ಅದೇ ಉತ್ತರ ಕೊಡುತ್ತೇನೆ.

ನನಗೆ ನಿಜವಾಗಿ ಪೆಟ್ಟು ಬಿದ್ದದ್ದು ಮಗನಿಂದ. ಹಿರಿಯರು ಎದ್ದು ಹೋದ ಮೇಲೆ ಅವನು ಬಾಗಿಲ ಚೌಕಟ್ಟಿಗೆ ಒರಗಿ ನಿಂತು ಹೇಳಿದ: “ಅಪ್ಪಾ, ಅಂವ ನನ್ನ ಗೆಳೆಯಾ. ಅವನ ಸಲುವಾಗಿ ಬಾರಿಸಿದ್ರ ನನ್ನ ಗಂಟೇನ್ ಹೋಗತೈತಿ? ನನಗ ಬಾರಸೂದಂದ್ರ ಸೇರತೈತಿ.”

“ಗೆಳೆಯಾ ಆಗಿದ್ರ ಗಾಡಿ ಮ್ಯಾಲ ಬಾಜೂಕ ಕುಂದ್ರ ಬಾ ಅಂತ ಕರದಾನೇನು?”

ಅವನು ಚೌಕಟ್ಟಿನ ಕಟ್ಟಿಗೆಯನ್ನು ಉಗುರಿನಿಂದ ಕೆರೆಯತೊಡಗಿದ.

“ಕರೀಲಿ. ಕರದ್ರ ಹಲಗಿ ನಾ ಬಾರಸ್ತೇನಿ, ನಿಮ್ಮಿಬ್ರ ಮುಂದ, ಬೆಳಗಾವಿ ಮಟ” ಎಂದೆ. ಇದು ಬಾಯಿಮಾತಲ್ಲ, ಖರೆಯೇ ಬಾರಿಸುತ್ತಿದ್ದೆ. ಮಗ ಹೊರಗೆ ಹೋದ. ಅಲ್ಲಿಂದ ಸೋಮವಾರದವರೆಗೆ ನನ್ನ ಜೊತೆ ಮಾತಾಡಲಿಲ್ಲ.

ಇಷ್ಟೊಂದು ಹಟ ಯಾಕೆ ಎಂದರೆ, ನನಗೆ ಭಯವಿತ್ತು. ಹುಕ್ಕೇರಿಯಲ್ಲಿ ನನ್ನ ಹೆಂಡತಿಯ ತವರಿನ ಓಣಿಯಿಂದ ಒಬ್ಬ ಹುಡುಗ ಯುದ್ಧಕ್ಕೆ ಹೋದವನು ತಿರುಗಿ ಬಂದಿರಲಿಲ್ಲ. ನಾವು ಮಾತಾಡಿಸಲು ಹೋದಾಗ ಅವನ ತಾಯಿ ಯುದ್ಧದ ಮಾತೇ ಎತ್ತಲಿಲ್ಲ. ಅವಳಿಗೆ ಅದರ ಬಗ್ಗೆ ಏನು ಗೊತ್ತು? ಅವನು ಮನೆ ಬಿಟ್ಟ ಮುಂಜಾನೆಯ ಮಾತನ್ನೇ ಆಡುತ್ತಿದ್ದಳು. ಯಾವ ಅಂಗಿ ತೊಟ್ಟಿದ್ದ, ಯಾವ ಪಲ್ಯಕ್ಕೆ ರೊಟ್ಟಿ ತಿಂದ, ತಿರುವಿನಲ್ಲಿ ಹೇಗೆ ಹಿಂತಿರುಗಿ ನೋಡಿದ. ಕಳಿಸಿದವರ ಕೈಯಲ್ಲಿ ಉಳಿಯುವುದು ಹೊರಟ ಗಳಿಗೆಯೊಂದೇ ಎಂದು ನನಗೆ ಅಲ್ಲಿ ತಿಳಿಯಿತು. ನನ್ನ ಮಗ ಬರದೇ ಹೋದರೆ ನಾನು ಏನನ್ನು ನೆನೆಯಬೇಕು? ಇನ್ನೊಬ್ಬನ ಗಾಡಿಯ ಮುಂದೆ ಬೆವರು ಸುರಿಸುತ್ತ ಹಿಮ್ಮುಖವಾಗಿ ಹೆಜ್ಜೆಯಿಡುವ ಹಲಗೆಯವನನ್ನೇ? ಊರು ಏನನ್ನು ನೆನೆಯಬೇಕು? ‘ಆ ಹುಡುಗ ಛಲೋ ಬಾರಿಸ್ತಿದ್ದ’ ಎಂದೇ? ದೇಶಕ್ಕೆ ಮಗನನ್ನು ಕೊಡುವುದಕ್ಕೆ ನಾನು ತಯಾರಿದ್ದೆ. ಆ ಒಂದು ಮುಂಜಾನೆಯನ್ನು ಗೌಡರಿಗೆ ಕೊಡಲು ತಯಾರಿರಲಿಲ್ಲ.

ಭಾನುವಾರ ಮಧ್ಯಾಹ್ನ ಹಿತ್ತಿಲಿಗೆ ಹೋದಾಗ ಹಲಗೆ ಬಾನಿಯ ನೀರಿನಲ್ಲಿ ಮುಳುಗಿತ್ತು. ಹೆಂಡತಿ ಪಕ್ಕದಲ್ಲಿ ಕುಳಿತು ನಿರುಮ್ಮಳವಾಗಿ ಪಾತ್ರೆ ತಿಕ್ಕುತ್ತಿದ್ದಳು. ಚರ್ಮ ನೀರು ಕುಡಿದರೆ ಸಡಿಲಾಗುತ್ತದೆ. ಆಮೇಲೆ ಎಷ್ಟು ಬಾರಿಸಿದರೂ ಗೋಣಿಚೀಲ ಬಡಿದ ಹಾಗೆ.

“ಇದೇನ ಇದು?” ಎಂದೆ.

“ನೀವು ಜಗಳಾಡ್ರಿ, ನಾ ಕೆಲಸಾ ಮಾಡತೇನಿ” ಎಂದಳು. “ಹಲಗಿ ತೋದೈತಿ ಅಂತ ಹೇಳಿ ಕಳಸ್ರಿ. ಯಾರಿಗೂ ಸಿಟ್ಟಿಲ್ಲ, ಕಾಳೂ ತಪ್ಪಂಗಿಲ್ಲ, ಹುಡುಗಾನೂ ಬಾರಸಂಗಿಲ್ಲ.”

ನನ್ನ ಹೆಂಡತಿ ನನಗಿಂತ ಜಾಣೆ. ಈ ಮಾತನ್ನು ಅವಳೆದುರು ಎಂದೂ ಹೇಳಿಲ್ಲ. ಆದರೆ ಆ ದಿನ ಜಾಣತನ ನನಗೆ ಬೇಕಾಗಿರಲಿಲ್ಲ. ನಮ್ಮ ಹಿರಿಯರು ಬದುಕಿದ್ದೇ ಹೀಗೆ: ಮೈಯಲ್ಲಿ ಹುಷಾರಿಲ್ಲ, ಮನೆಯಲ್ಲಿ ಯಾರೂ ಇಲ್ಲ, ಹಲಗೆ ತೋದಿದೆ. ಒಲ್ಲೆ ಎಂಬ ಮಾತೊಂದನ್ನು ಬಿಟ್ಟು ಬೇರೆಲ್ಲ ಹೇಳಿದರು.

“ಹಲಗಿ ತೋದಿದ್ದಕ್ಕ ಬಾರಿಸಲಿಲ್ಲ ಅಂದ್ರ, ಒಣಗಿದ ಮ್ಯಾಲ ಬಾರಸ್ತೇವಿ ಅಂದಂಗ ಆತು” ಎಂದೆ. “ನಾವು ಒಲ್ಲೆ ಅನ್ನಾಕತ್ತೇವಿ. ಅದು ಅವರಿಗೆ ಕೇಳಬೇಕು.”

“ಕೇಳಸ್ರಿ ಹಂಗಾರ” ಎಂದು ಅವಳು ಪಾತ್ರೆಯನ್ನು ನೆಲಕ್ಕೆ ಕುಕ್ಕಿದಳು.

ಹಲಗೆಯನ್ನು ತೆಗೆದು ಬಿಸಿಲಿಗೆ ಇಟ್ಟೆ. ಸಂಜೆಗೆ ಅಂಗಳದಲ್ಲಿ ಜೋಳದ ಕಣಿಕೆ ಉರಿಸಿ, ದೂರದಿಂದ ತಿರುಗಿಸುತ್ತ ತಿರುಗಿಸುತ್ತ ಕಾಯಿಸಿದೆ. ಚಿಕ್ಕಂದಿನಲ್ಲಿ ನನ್ನಪ್ಪ ಕಲಿಸಿದ್ದು, ಕೈ ಮರೆತಿರಲಿಲ್ಲ. ಬೆರಳಿನಿಂದ ಚಿಮ್ಮಿದರೆ ಓಣಿಯ ಆಚೆ ತುದಿಗೆ ಕೇಳುವ ಹಾಗೆ ನಾದ ಬಂತು. ಬಾಗಿಲಲ್ಲಿ ನಿಂತ ಮಗ ಆ ನಾದ ಕೇಳಿ ತಲೆಯೆತ್ತಿದ, ಒಂದು ಹೆಜ್ಜೆ ಮುಂದೆ ಬಂದ, ನನ್ನ ಮುಖ ನೋಡಿ ಅಲ್ಲೇ ನಿಂತ. ಹಲಗೆಯನ್ನು ನಾನು ಅವನಿಗೆ ಕೊಡಲಿಲ್ಲ.

ಸೋಮವಾರ ಬೆಳಕು ಹರಿಯುತ್ತಲೇ ಹಲಗೆಯನ್ನು ಒಯ್ದು, ಓಣಿ ಊರ ದಾರಿಗೆ ಕೂಡುವಲ್ಲಿದ್ದ ಬೇವಿನ ಗಿಡಕ್ಕೆ ತೂಗುಹಾಕಿದೆ. ಕೋಲುಗಳನ್ನು ಅದರ ಹಗ್ಗಕ್ಕೆ ಸಿಗಿಸಿದೆ. ಆಮೇಲೆ ಮನೆಗೆ ಬಂದು ಮಗನ ಜೊತೆ ಕುಳಿತು ಉಂಡೆ. ಹೆಂಡತಿ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಟ್ಟಳು. ಅವನು ತಾಯಿಯ ಕಾಲು ಮುಟ್ಟಿದ, ದೊಡ್ಡಪ್ಪನ ಕಾಲು ಮುಟ್ಟಿದ, ನನ್ನ ಕಾಲನ್ನೂ ಮುಟ್ಟಿದ, ಆದರೆ ಮುಖ ನೋಡಲಿಲ್ಲ. ಒಂದು ಕೈಯಲ್ಲಿ ಟ್ರಂಕು, ಇನ್ನೊಂದು ಖಾಲಿ. ಆ ಖಾಲಿ ಕೈಗಾಗಿಯೇ ನಾನು ಅಷ್ಟೆಲ್ಲ ಹೋರಾಡಿದ್ದು.

ನಾವು ಗಿಡದ ಹತ್ತಿರ ಬರುವುದಕ್ಕೂ ಗೌಡರ ಗಾಡಿ ಬರುವುದಕ್ಕೂ ಸರಿಹೋಯಿತು. ಎತ್ತುಗಳಿಗೆ ಜೂಲು ಹಾಕಿದ್ದರು. ಗೌಡರ ಮಗ ಕೆಂಪು ರುಮಾಲು ಸುತ್ತಿಕೊಂಡು, ಕೊರಳ ತುಂಬ ಹಾರ ಹಾಕಿಕೊಂಡು, ಎಲ್ಲಿ ನೋಡಬೇಕೆಂದು ತಿಳಿಯದೆ ಎತ್ತಿನ ಬೆನ್ನನ್ನೇ ನೋಡುತ್ತ ಕುಳಿತಿದ್ದ. ಹಿಂದೆ ಅರ್ಧ ಊರು.

“ಹಲಗಿ ಎಲ್ಲೈತಿ?” ಎಂದರು ಗೌಡರು.

“ಗಿಡಕ್ಕೈತ್ರಿ.”

“ತೋದೈತೇನು?”

“ಇಲ್ರಿ. ನಾನ ಕಾಸಿ ಬಿಗಿ ಮಾಡೇನಿ.” ಗಿಡದ ಹತ್ತಿರ ಹೋಗಿ ಬೆರಳಿನಿಂದ ಒಮ್ಮೆ ಚಿಮ್ಮಿದೆ. ಎತ್ತುಗಳು ಕಿವಿ ನಿಮಿರಿಸಿದವು. “ಬಾರಿಸಾಕ ಬರಾವ್ರು ಯಾರರ ಬರ್ರಿ. ಪಾಳಿ ನಮ್ಮದು, ಹಲಗಿ ತಯಾರ್ ಮಾಡಿ ಕೊಟ್ಟೇವಿ. ಕೈ ನಿಮ್ಮದ ಹಚ್ಚ್ರಿ.”

ಅರ್ಧ ಊರಿನಲ್ಲಿ ಒಂದು ಕೈಯೂ ಮೇಲೇಳಲಿಲ್ಲ. ನಮ್ಮ ಹಲಗೆಯ ಸದ್ದಿಗೆ ಮದುವೆಯಾದವರು, ಅದರ ಸದ್ದಿಗೆ ತಂದೆತಾಯಿಯನ್ನು ಮಣ್ಣು ಮಾಡಿದವರು, ಎಲ್ಲರೂ ನಿಂತಿದ್ದರು. ಮುಟ್ಟಲು ಮಾತ್ರ ಯಾರೂ ಇರಲಿಲ್ಲ. ಗೌಡರು ನಮ್ಮ ಓಣಿಯ ಹಿರಿಯರ ಕಡೆ ನೋಡಿದರು. ಅವರೂ ನೆಲ ನೋಡಿದರು. ಮುಂದೆ ಬರುತ್ತಾರೆಂದು ನಾನೇ ಹೆದರಿದ್ದೆ, ಬರಲಿಲ್ಲ. ಅಣ್ಣನೂ ಬರಲಿಲ್ಲ. ಕೊನೆಗೆ ಗೌಡರು “ಹೊಡೀರಿ ಗಾಡಿ” ಎಂದರು. ಗಾಡಿ ಎತ್ತಿನ ಗಂಟೆಯ ಸದ್ದಿನಲ್ಲೇ ಹೊರಟಿತು. ದಾರಿಯ ಆ ಬಾಜೂ ಗಾಡಿ, ಈ ಬಾಜೂ ಟ್ರಂಕು ಹಿಡಿದ ನನ್ನ ಮಗ. ನಾನು ಮಗನ ಹೆಜ್ಜೆಗೆ ಹೆಜ್ಜೆ ಕೂಡಿಸಿ ನಡೆದೆ.

ರಸ್ತೆಯಲ್ಲಿ ಬಸ್ಸು ಬರಲು ತಡವಾಯಿತು. ಎರಡು ಗುಂಪು ಎರಡು ಕಡೆ ನಿಂತೆವು. ಬಸ್ಸು ಬಂದಾಗ ಹುಡುಗರಿಬ್ಬರೂ ಹತ್ತಿದರು. ಒಳಗೆ ಹಿಂದಿನ ಸೀಟೊಂದೇ ಖಾಲಿ ಇತ್ತು. ಗೌಡರ ಮಗ ಹಾರಗಳನ್ನು ಬಿಚ್ಚಿ ಮಡಿಲಿಗೆ ಹಾಕಿಕೊಂಡು ಸರಿದು ಜಾಗ ಮಾಡಿದ. ನನ್ನ ಮಗ ಕಿಟಕಿಯ ಕಡೆ ಕುಳಿತ. ಆಗಲೂ ನನ್ನತ್ತ ನೋಡಲಿಲ್ಲ. ಹೀಗೇ ಹೋಗಿಬಿಡುತ್ತಾನೆ, ನಾನು ಗೆದ್ದ ಮುಂಜಾನೆ ಇಷ್ಟೇ ಎಂದುಕೊಂಡೆ.

ಬಸ್ಸು ಅಲುಗಿತು. ಅಷ್ಟರಲ್ಲಿ ಮಗನ ಎರಡೂ ಕೈ ಕಿಟಕಿಯಿಂದ ಹೊರಗೆ ಬಂದವು. ಬಸ್ಸಿನ ತಗಡಿನ ಮೇಲೆ ಅಂಗೈಯಿಂದ ಒಂದು ಪೆಟ್ಟು ಹಾಕಿದ. ಆಮೇಲೆ ಮದುಮಗನನ್ನು ಹೊರಡಿಸುವಾಗ ಬಾರಿಸುವ ಆ ಬಡಿತವನ್ನೇ ಎತ್ತಿಕೊಂಡ. ಎಂಥ ಬಡಿತ! ತಗಡು ಮಾತಾಡಿತು. ನಮ್ಮ ಗುಂಪಿನ ಹುಡುಗರು ಸಿಳ್ಳೆ ಹಾಕಿದರು, ಆ ಗುಂಪಿನ ಹುಡುಗರೂ ಹಾಕಿದರು. ಗೌಡರ ಮಗ ಪಕ್ಕದಲ್ಲಿ ಕುಳಿತು ತಾಳಕ್ಕೆ ತಲೆದೂಗುತ್ತಿದ್ದ. ಮಗ ಈಗ ನನ್ನನ್ನೇ ನೋಡುತ್ತಿದ್ದ, ನಗುತ್ತಿದ್ದ.

ಕಂಡಕ್ಟರ್ ಒಳಗಿನಿಂದ ಚೀರಿದ: “ಏ, ಬಸ್ಸೇನ್ ನಿಮ್ಮಪ್ಪಂದೇನೋ?”

“ನಿಮ್ಮಪ್ಪಂದೂ ಅಲ್ಲೋ, ಸರಕಾರದ್ದು!” ಎಂದು ನಾನು ಬಸ್ಸಿನ ಜೊತೆ ಓಡುತ್ತ ಕೂಗಿದೆ. “ಬಾರಿಸೋ ಮಗನ! ಜೋರ್ ಬಾರಸು!”

ನನ್ನ ಕಣ್ಣೀರು ಮೀಸೆಗೆ ಇಳಿದಿತ್ತು, ಒರೆಸಿಕೊಳ್ಳಲಿಲ್ಲ. ಬಸ್ಸು ತಿರುವು ದಾಟಿದ ಮೇಲೂ ಆ ಸದ್ದು ಸ್ವಲ್ಪ ಹೊತ್ತು ಬರುತ್ತಿತ್ತು. ಓಡಿ ದಣಿದು ನಿಂತವನ ಹತ್ತಿರಕ್ಕೆ ಗೌಡರು ಬಂದರು. ಅವರ ಕಣ್ಣೂ ಒದ್ದೆಯಾಗಿತ್ತು, ಆದರೆ ತುಟಿಯ ಮೇಲೆ ಗೆದ್ದ ನಗು.

“ಕಡೀಕ ಬಾರಿಸಿದ್ನಲ್ಲೋ ಮಾಸ್ತರ ನಿನ್ನ ಮಗ” ಎಂದರು.

“ಬಾರಿಸಿದ್ನ್ರಿ” ಎಂದೆ. “ನಿಮ್ಮ ಮಗನ ಮುಂದ ಅಲ್ರಿ, ಬಾಜೂಕ ಕುಂತು.”